ಮನೆ ನೋಡಿದ ಹಾಗೆ ಶಾಲೆ ನೋಡಿದ್ದು

ನನ್ನ ಮಗಳು ಊಟದ ತಟ್ಟೆಯ ಮುಂದೆ ತುಟಿಯ ಮೇಲೆ ಬೆರಳಿಟ್ಟು ಕೂತಿದ್ದನ್ನು ನೋಡಿ ನಮ್ಮತ್ತೆಗೆ ಮೈಯೆಲ್ಲ ಉರಿದುಹೋಯಿತು. ಆಗಷ್ಟೇ ತಮ್ಮೂರು ಕುರುಗೋಡಿನ ಬಸ್ಸಿಳಿದು ಪಾರ್ವತಿನಗರದ ನಮ್ಮ ಮನೆಗೆ ಬಂದಿದ್ದರು. ತಂದಿದ್ದ ಶೇಂಗಾ ಹೋಳಿಗೆ ಇನ್ನೂ ಚೀಲದಲ್ಲೇ ಇತ್ತು.

“ಏನ್ ಮಾಡ್ಯಾರ ನನ್ನ ಮೊಮ್ಮಗಳಿಗೆ? ಯಾರವ್ರು ಬಾಯಿಗಿ ಬೀಗ ಹಾಕಿದೋರು?”

ಏನು ಹೇಳಲಿ? ಬೈಪಾಸ್ ಆಚೆಯ ದೊಡ್ಡ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಮುಗಿಸಿದ್ದಳು. ಅಲ್ಲಿ ಗದ್ದಲ ಮಾಡಿದರೆ ತುಟಿಗೆ ಬೆರಳು, ಕನ್ನಡ ಮಾತಾಡಿದರೂ ತುಟಿಗೆ ಬೆರಳು. ಕೂಸು ಇಂಗ್ಲಿಷ್ ಕಲಿಯಲಿಲ್ಲ, ಬೆರಳಿಡುವುದನ್ನು ಮಾತ್ರ ಚೆನ್ನಾಗಿ ಕಲಿತು ಬಂತು. ಮೊದಲು ಬೀದಿನಾಯಿಯ ಜತೆಗೂ ಜಗಳಕ್ಕೆ ನಿಲ್ಲುತ್ತಿದ್ದವಳು ಈಗ ಹಸಿವಾದರೂ ಬಾಯಿ ಬಿಡುತ್ತಿರಲಿಲ್ಲ. ನನಗೆ ಭಯವಾಗಿತ್ತು.

ಒಂದನೇ ತರಗತಿಗೆ ಎಲ್ಲಿ ಸೇರಿಸುವುದೆಂದು ಮನೆಯಲ್ಲಿ ಆಗಲೇ ರಣರಂಗ. ಬ್ಯಾಂಕಿನಲ್ಲಿರುವ ನನ್ನ ಗಂಡ ಅದೇ ಶಾಲೆ ಎಂದು ಹಟ ಹಿಡಿದಿದ್ದರು. ಸಿರುಗುಪ್ಪದಿಂದ ನನ್ನ ಅವ್ವ ದಿನಾ ಫೋನು ಮಾಡಿ, “ಇಲ್ಲಿಗಿ ಕಳಸು, ನಿಮ್ಮಣ್ಣನ ಮಕ್ಳ ಕೂಡ ಹೋಗ್ತಾಳ” ಅನ್ನುತ್ತಿದ್ದಳು. ಹೆತ್ತವಳು ನಾನು, ನನ್ನನ್ನು ಕೇಳಿದವರು ಯಾರು!

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. “ಹೆಣ್ಣು ಕೊಡಾಕ ಮುಂಚೆ ಮನಿ ನೋಡಾಕ ಹೋಗ್ತೀವಿಲ್ಲ? ಸಾಲೀನೂ ಹಂಗ ನೋಡೂಣು, ನಡಿ.”

ಮನೆ ನೋಡುವುದೆಂದರೆ ನಮ್ಮ ಕಡೆ ಸಣ್ಣ ಕೆಲಸವಲ್ಲ. ನೀರು ಕೇಳಿ ಕುಡಿಯಬೇಕು, ಹಿತ್ತಲಿಗೆ ಹೋಗಿ ಬರಬೇಕು, ಅಕ್ಕಪಕ್ಕದವರನ್ನು ಮಾತಾಡಿಸಬೇಕು. ಮಗಳನ್ನು ಕರೆದುಕೊಂಡು ಇಬ್ಬರೂ ಆಟೊ ಹತ್ತಿದೆವು.

ಮೊದಲು ಆ ದೊಡ್ಡ ಶಾಲೆಗೇ ಹೋದೆವು. ಗೇಟಿನಲ್ಲಿ ಅತ್ತೆ ನೀರು ಕೇಳಿದರೆ ಕಾವಲಿನವನು “ಅಪಾಯಿಂಟ್‌ಮೆಂಟ್ ಐತೇನ್ರಿ?” ಎಂದ. “ನೀರಿಗೂ ಬೇಕೇನಪಾ?” ಎಂದವರೇ ಅತ್ತೆ ವಾಪಸ್ ಆಟೊದಲ್ಲಿ ಕೂತರು. ಎರಡನೆಯ ಖಾಸಗಿ ಶಾಲೆ, ಪಾಪ, ಚೆನ್ನಾಗಿಯೇ ಇತ್ತು. ಪ್ರಿನ್ಸಿಪಾಲರು ಎದ್ದು ನಮಸ್ಕಾರ ಮಾಡಿ ಬಾದಾಮಿ ಹಾಲು ತರಿಸಿಕೊಟ್ಟರು. ಹೊರಗೆ ಬಂದದ್ದೇ ಅತ್ತೆ, “ಬ್ಯಾಡ. ಈ ಬೀಗರು ಭಾಳ ನಗತಾರ. ಭಾಳ ನಗೋರು ಏನೋ ಮುಚ್ಚಿಟ್ಟಿರತಾರ” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ಹಂಗಾರ ಅಳೋ ಬೀಗರನ್ನ ಹುಡುಕ್ರಿ ಅತ್ತಿ!” ಎಂದೆ. ಮಗಳು ನಮ್ಮಿಬ್ಬರ ನಡುವೆ ಬೆರಳಿಟ್ಟುಕೊಂಡೇ ಕೂತಿದ್ದಳು.

ಮೂರನೆಯದು ಕೌಲ್ ಬಜಾರ್ ಕಡೆಯ ಸರ್ಕಾರಿ ಶಾಲೆ. ಸಂಜೆ, ಶಾಲೆ ಬಿಡುವ ಹೊತ್ತು. ಟೀಚರಮ್ಮ ತಾವೇ ತಂಬಿಗೆಯಲ್ಲಿ ನೀರು ತಂದರು. ಅತ್ತೆ ಶೌಚಾಲಯ ನೋಡಿ ಬಂದು, “ಬಾಗಲಾ ಚಿಲಕ ಹತ್ತಂಗಿಲ್ಲ, ಸರಿ ಮಾಡಸ್ರಿ” ಎಂದು ಅಪ್ಪಣೆ ಕೊಟ್ಟರು. ಎದುರಿನ ಅಂಗಡಿಯ ಟೇಲರ್ ಚಾಚಾ, “ನಮ್ ಮೊಮ್ಮಕ್ಳೂ ಇಲ್ಲೇ ಓದ್ತಾರಮ್ಮ, ಇಂಗ್ಲಿಷೂ ಹೇಳಿಕೊಡ್ತಾರ” ಎಂದರು.

ಅಷ್ಟರಲ್ಲಿ ಅಂಗಳದಲ್ಲಿ ಮಗ್ಗಿ ಶುರುವಾಯಿತು. ಒಬ್ಬ ಹುಡುಗಿ ಮುಂದೆ ನಿಂತು “ಎರಡೊಂದ್ಲ ಎರಡು” ಎಂದಳು. ಉಳಿದವರೆಲ್ಲ ಗಂಟಲು ಹರಿಯುವಂತೆ ಕೂಗಿದರು. ಟೀಚರಮ್ಮ, “ಕೇಳವಲ್ದು, ಇನ್ನಾ ಜೋರು ಒದರ್ರಿ!” ಎಂದರು. ನನ್ನ ಮಗಳ ಬೆರಳು ತುಟಿಯಿಂದ ಗದ್ದಕ್ಕೆ ಇಳಿಯಿತು. ಆಮೇಲೆ ಅವಳೂ ಕೂಗಿದಳು, “ಎರಡು ನಾಕ್ಲ ಹತ್ತು!” ಅಯ್ಯೋ, ಆ ತಪ್ಪು ಮಗ್ಗಿ ಕೇಳಿ ನನಗೆ ನಗುವೂ ಬಂತು, ಅಳುವೂ ಬಂತು.

ಮನೆಯಲ್ಲಿ ಗಂಡ ಒಪ್ಪಬೇಕಲ್ಲ! “ಸರ್ಕಾರಿ ಸಾಲಿಗಿ ಹಾಕಿದ್ರ ಮಂದಿ ಏನಂದಾರವ್ವಾ?”

“ಮಂದಿ ಮಾತಾಡ್ಲಿ ಬಿಡಲೇ. ನಿನ್ನ ಮಗಳು ಮಾತಾಡಬೇಕೋ ಬ್ಯಾಡೋ? ಬಾಯಿದ್ದೋರು ಬರಗಾಲದಾಗೂ ಬದುಕತಾರ.” ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. “ಮನಿ ನೋಡಿದ್ದಾತು, ಇನ್ನ ಹುಡುಗೀನ್ನ ಕೇಳೂಣು. ನನ್ನ ಲಗ್ನದಾಗ ಯಾರೂ ನನ್ನ ಕೇಳಲಿಲ್ಲ. ಹೇಳವಾ ತಂಗಿ, ಯಾವ ಸಾಲಿ ಬೇಕು?”

“ಒದರೋ ಸಾಲಿ” ಎಂದಳು ಮಗಳು.

ಎಷ್ಟೋ ದಿನಗಳ ಮೇಲೆ ಅವಳು ಬಾಯಿಬಿಟ್ಟು ತನಗೆ ಬೇಕಾದ್ದನ್ನು ಹೇಳಿದ್ದಳು. ಗಂಡ ಮಗಳ ತಲೆ ಸವರಿ, “ಆತು, ಒಂದ್ ವರ್ಷ ನೋಡೂಣು” ಎಂದರು.

ದಸರೆ ರಜೆಗೆ ಮುಂಚೆ ಪಾಲಕರ ಸಭೆ. ಗಂಡ ಇಸ್ತ್ರಿ ಅಂಗಿ ಹಾಕಿಕೊಂಡು, ಮುಖ ಬಿಗಿದುಕೊಂಡು ಬಂದರು. ಟೀಚರಮ್ಮ ನಮ್ಮನ್ನು ಪಕ್ಕಕ್ಕೆ ಕರೆದರು. “ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಮಗಳು ಭಾಳ ಮಾತಾಡ್ತಾಳ್ರಿ. ಪಕ್ಕದೋರಿಗೂ ಬರಿಯಾಕ ಬಿಡಂಗಿಲ್ಲ. ಮನ್ಯಾಗ ಒಂದೀಟು ಬುದ್ಧಿ ಹೇಳ್ರಿ.”

ನಾನು ಗಂಡನ ಮುಖ ನೋಡಿದೆ. ಅವರ ಕಣ್ಣು ತುಂಬಿತ್ತು. ಜೇಬಿನಿಂದ ಫೋನು ತೆಗೆದು ಕುರುಗೋಡಿಗೆ ಹಚ್ಚಿ, ಸ್ಪೀಕರಿಗೆ ಹಾಕಿ ಟೀಚರಮ್ಮನ ಮುಂದೆ ಹಿಡಿದರು.

“ಇನ್ನೊಮ್ಮೆ ಹೇಳ್ರಿ ಮೇಡಂ,” ಎಂದರು, “ನಮ್ಮವ್ವ ಕೇಳಬೇಕು.”