ಪೂಜೆಗಿಟ್ಟ ಇಪ್ಪತ್ತನಾಲ್ಕು ಪದಗಳು

ಪೂಜೆಗಿಟ್ಟ ಲ್ಯಾಪ್‌ಟಾಪಿನ ಮೇಲಿಂದ ಚೆಂಡುಹೂವಿನ ಹಾರವನ್ನು ಕಿತ್ತೆಸೆಯುವವರನ್ನು ನೀವು ಎಂದಾದರೂ ನೋಡಿದ್ದೀರಾ? ಈ ಸಲದ ಆಯುಧಪೂಜೆಯ ದಿನ, ಶಿಕಾರಿಪುರದಲ್ಲಿ, ನಾನು ನೋಡಿದೆ. ಕಿತ್ತೆಸೆದವಳು ನನ್ನ ಹಳೆಯ ವಿದ್ಯಾರ್ಥಿನಿ ನಂದಿನಿ. ಕಾರಣ ನಾನು.

ನಂದಿನಿ ಜಡೆ ಎಂಬ ಊರಿನವಳು. ಡಿಪ್ಲೊಮಾ ಮುಗಿಸಿ ಸೊರಬದಲ್ಲಿ ಕಂಪ್ಯೂಟರ್ ಟ್ಯೂಷನ್ ಹೇಳಿದಳು. ಅಂಗಡಿಗಳ ಬಿಲ್ಲಿಂಗ್ ಯಂತ್ರ ಕೆಟ್ಟರೆ ಸ್ಕೂಟಿಯಲ್ಲಿ ಹೋಗಿ ಸರಿಪಡಿಸಿದಳು. ಒಮ್ಮೆ ಯಾವುದೋ ದೇಶದವನಿಗೆ ಪ್ರೋಗ್ರಾಮ್ ಬರೆದುಕೊಟ್ಟಾಗ, ಅವನು ಸಂಬಳದ ಬದಲು ಡಿಜಿಟಲ್ ನಾಣ್ಯ ಕಳುಹಿಸಿದ. (“ಕಣ್ಣಿಗೆ ಕಾಣದ ದುಡ್ಡಂತೆ!” ಎಂದು ಊರು ನಕ್ಕಿತು. ನಕ್ಕವರಲ್ಲಿ ನಾನೂ ಒಬ್ಬ.) ಅವಳು ಮಾತ್ರ, ಆ ನಾಣ್ಯವನ್ನು ಭದ್ರವಾಗಿಡುವುದು ಹೇಗೆಂದು ಕಲಿತಳು, ಕಲಿತದ್ದನ್ನೇ ಉದ್ಯಮವಾಗಿಸಿದಳು. ಈಗ ಶಿಕಾರಿಪುರದ ಗೊಬ್ಬರದಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವಳ ಕಂಪನಿಯಿದೆ. ದೂರದ ದೇಶಗಳ ಸಣ್ಣ ಸಂಸ್ಥೆಗಳ ಡಿಜಿಟಲ್ ಹಣವನ್ನು ಕಾಯುವುದೇ ಕೆಲಸ. ಸೊರಬದಲ್ಲೊಂದು ಶಾಖೆ ತೆರೆಯಲು ಮಳಿಗೆಯನ್ನೂ ನೋಡಿಟ್ಟಿದ್ದಳು.

ಆ ಹಣದ ಕೀಲಿ ಯಾವುದು, ಗೊತ್ತೆ? ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳು. ಕಾಗದವಾದರೆ ಗೆದ್ದಲು ತಿಂದೀತೆಂದು ಅವಳೇ ಸ್ಟೀಲ್ ಫಲಕದ ಮೇಲೆ ಕೊರೆದಿಟ್ಟಿದ್ದಳು. ಆ ಪದಗಳನ್ನು ಅದೇ ಕ್ರಮದಲ್ಲಿ ಬಲ್ಲವನು ಯಾರೇ ಆಗಲಿ, ಎಲ್ಲೇ ಇರಲಿ, ಹಣವೆಲ್ಲ ಅವನದು. ಸಹಿ ಬೇಡ. ತಡೆಯಲು ಮ್ಯಾನೇಜರ್ ಇಲ್ಲ.

ಇಷ್ಟೆಲ್ಲ ನನಗೆ ತಿಳಿದದ್ದು ಆಮೇಲೆ.

ಪೂಜೆಗೆ ನಾನೇ ಅತಿಥಿ. ಹೋದಾಗ ಫಲಕದ ವಿಷಯಕ್ಕೆ ತಾಯಿ-ಮಗಳ ವಾದ ನಡೆದಿತ್ತು.

“ಅಮ್ಮ, ಅದು ಲಾಕರಲ್ಲೇ ಇರ್ಲಿ.”

“ನಿಂಗೆ ಅನ್ನ ಕೊಡೋದು ಯಾವುದೇ?” ತಾಯಿ ಶಾರದಮ್ಮ ಪಟ್ಟು ಬಿಡಲಿಲ್ಲ. “ಅದನ್ನ ಒಳಗಿಟ್ಟು ಬರೀ ಕಂಪ್ಯೂಟರಿಗೆ ಹೂ ಹಾಕಿದ್ರೆ ದೇವ್ರು ಒಪ್ತಾನಾ? ನಿಮ್ಮಜ್ಜ ಕತ್ತಿ ಅಡಗಿಸಿಟ್ಟು ಆಯುಧಪೂಜೆ ಮಾಡಿದ್ದು ಕಂಡಿದ್ದೀಯಾ?”

ನಂದಿನಿ ಸೋತಳು. ಫಲಕವನ್ನು ತಂದು ಲ್ಯಾಪ್‌ಟಾಪಿನ ಪಕ್ಕ ಬೋರಲಾಗಿಟ್ಟಳು. ಮಂಗಳಾರತಿಯಾಯಿತು. ಬೂದುಗುಂಬಳ ಒಡೆಯಲು ಎಲ್ಲರೂ ಕೆಳಗಿಳಿದರು. ಮಂಡಿನೋವಿನ ನಾನು ಮೇಲೆಯೇ ಉಳಿದೆ.

ಬೋರಲಾಗಿ ಬಿದ್ದ ವಸ್ತುವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಫಲಕವನ್ನು ತಿರುಗಿಸಿಟ್ಟೆ. ಅಕ್ಷರಗಳಿಗೆ ತಾಗದಂತೆ ಮೂಲೆಯಲ್ಲಿ ಕುಂಕುಮವಿಟ್ಟೆ. ಫೋಟೊ ತೆಗೆದೆ. “ನಮ್ಮ ನಂದಿನಿಯ ಕಚೇರಿಯಲ್ಲಿ ಆಯುಧಪೂಜೆ” ಎಂದು ಬರೆದು, ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳುಹಿಸಿದೆ.

ಹತ್ತು ನಿಮಿಷವಾಗಿರಬಹುದು. ನಂದಿನಿ ಮೆಟ್ಟಿಲುಗಳನ್ನು ಓಡುತ್ತ ಹತ್ತಿ ಬಂದಳು. ಕೈಯಲ್ಲಿ ಫೋನು.

“ಸರ್, ಇದು ನೀವು ಹಾಕಿದ್ದಾ?”

“ಹೌದಮ್ಮ. ಚೆನ್ನಾಗಿ ಬಂದಿದೆ, ಅಲ್ಲವೆ?”

“ಡಿಲೀಟ್ ಮಾಡಿ ಸರ್. ಎಲ್ಲರಿಗೂ. ಈಗಲೇ.”

ಅಳಿಸಿದೆ. ಏನು ಪ್ರಯೋಜನ? ಅಷ್ಟರಲ್ಲಿ ಉಳವಿಯ ಒಬ್ಬ ಅದನ್ನು ತನ್ನ ಸ್ಟೇಟಸ್ಸಿಗೇರಿಸಿದ್ದ. (ಅಭಿಮಾನದಿಂದಲೇ.) ಇನ್ನಾರಾರು ಎಲ್ಲೆಲ್ಲಿಗೆ ಕಳುಹಿಸಿದ್ದರೋ!

ಉಳಿದದ್ದು ಒಂದೇ ದಾರಿ. ಹೊಸ ಕೀಲಿ ಮಾಡಿ, ಹಣವನ್ನೆಲ್ಲ ಅಲ್ಲಿಗೆ ಸಾಗಿಸಬೇಕು. ಅವಳ ಬಳಿ ಸಾಗಿಸುವ ತಂತ್ರಾಂಶವಿದ್ದದ್ದು ಪೂಜೆಗಿಟ್ಟ ಆ ಲ್ಯಾಪ್‌ಟಾಪಿನಲ್ಲಿ ಮಾತ್ರ. ನಂದಿನಿ ಕೈಚಾಚಿದಳು. ಹಿಂದೆಯೇ ಬಂದ ಶಾರದಮ್ಮ ಅಡ್ಡ ನಿಂತರು.

“ಎಂತ ಮಾಡ್ತಿದ್ದೀಯೇ? ನಾಳೆ ಕದಲಿಸೋ ತನಕ ಮುಟ್ಟೋ ಹಾಗಿಲ್ಲ!”

(ಪೂಜೆಗಿಟ್ಟದ್ದನ್ನು ಮರುದಿನ ಶಾಸ್ತ್ರೋಕ್ತವಾಗಿ ತುಸು ಜರುಗಿಸುವವರೆಗೆ ಬಳಸಬಾರದು. ಅಂದು ನಮ್ಮಲ್ಲಿ ತಕ್ಕಡಿಗೂ ರಜೆ, ಗುದ್ದಲಿಗೂ ರಜೆ.)

“ನಾಳೆಗೆ ಇಲ್ಲಿ ಏನೂ ಇರಲ್ಲ ಅಮ್ಮ. ಆಚೆ ಸರಿ.”

“ಮೇಷ್ಟ್ರೇ, ನೀವಾದ್ರೂ ಹೇಳ್ರೀ ಇವಳಿಗೆ!”

“ತಪ್ಪು ನನ್ನದು ಶಾರದಮ್ಮ. ಅವಳನ್ನು ಬಿಡಿ” ಎಂದೆ. ಅವರು ಕದಲಲಿಲ್ಲ. ನಂದಿನಿಯೇ ಬಗ್ಗಿ, ತಾಯಿಯ ಸೆರಗಿನಡಿಯಿಂದ ಲ್ಯಾಪ್‌ಟಾಪನ್ನು ಎಳೆದುಕೊಂಡಳು. ಕಿತ್ತೆಸೆದ ಹಾರ ನನ್ನ ಕಾಲ ಬಳಿ ಬಿತ್ತು.

ಕೀಲಿಮಣೆಯ ಮೇಲೆ ಅರಿಶಿನವಿತ್ತು. ಅವಳ ಬೆರಳುಗಳು ಎರಡು ಸಲ ಜಾರಿದವು. ಕೆಳಗೆ ಯಾರದೋ ಟ್ರ್ಯಾಕ್ಟರಿನ ಮುಂದೆ ಪಟಾಕಿ ಸಿಡಿಯುತ್ತಿತ್ತು.

“ಹಣ ಎರಡು ಭಾಗದಲ್ಲಿ ಇದೆ ಸರ್,” ತೆರೆಯಿಂದ ಕಣ್ಣು ಕೀಳದೆ ಹೇಳಿದಳು. “ಗ್ರಾಹಕರದ್ದು ಒಂದು, ನಮ್ಮ ಕಂಪನಿದು ಒಂದು. ಒಂದಾದ ಮೇಲೆ ಒಂದು ಕಳಿಸಬೇಕು.”

ಶಾಸ್ತ್ರವನ್ನು ಮರೆತು ಶಾರದಮ್ಮ ಕೂಗಿದರು: “ಮೊದಲು ನಿಂದು ಎತ್ತಿಡೇ!”

“ಮೊದಲು ಅವರದ್ದು ಅಮ್ಮ.”

ಅಷ್ಟೇ ಮಾತು. ತೆರೆಯ ಮೇಲೊಂದು ಪುಟ್ಟ ವೃತ್ತ ಸುತ್ತತೊಡಗಿತು. ಸುತ್ತಿತು. ಸುತ್ತುತ್ತಲೇ ಇತ್ತು. ಕೊನೆಗೆ ಹಸಿರು ಗುರುತು ಮೂಡಿತು. ಗ್ರಾಹಕರ ಹಣವೆಲ್ಲ ಹೊಸ ಜಾಗಕ್ಕೆ ತಲುಪಿತ್ತು. ಅವಳು ಎರಡನೆಯದನ್ನು ತೆರೆದಳು.

ಸೊನ್ನೆ.

ಸೊರಬದ ಶಾಖೆಗೆಂದು ವರ್ಷಗಳಿಂದ ಕೂಡಿಟ್ಟದ್ದನ್ನು ಯಾರೋ ಆಗಲೇ ಸಾಗಿಸಿದ್ದರು. ಯಾವ ವಿಳಾಸಕ್ಕೆ ಎಂಬುದು ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು: ಅಂಕಿ ಅಕ್ಷರಗಳ ಉದ್ದನೆಯ ಸಾಲು. ಹೆಸರಿಲ್ಲ, ಊರಿಲ್ಲ. ನಂದಿನಿ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಗ್ರಾಹಕರಿಗೆ ನಡೆದದ್ದನ್ನು ತಿಳಿಸುವ ಪತ್ರವನ್ನು ಬರೆಯತೊಡಗಿದಳು.

ಓದುಗರೇ, ನಮ್ಮ ಬದುಕಿನ ರೀತಿಯೇ ತೋರಿಸುವುದು. ಮಗಳ ಅಂಕಪಟ್ಟಿ, ಹೊಸ ಬೈಕು, ಮದುವೆಯ ಒಡವೆ, ಎಲ್ಲವೂ ನಾಲ್ಕು ಜನರ ಕಣ್ಣಿಗೆ ಬೀಳಬೇಕು. ಬಿದ್ದರೇ ಅದು ಶುಭ. ಬಚ್ಚಿಡುವವನಲ್ಲಿ ಏನೋ ಕಪಟವಿದೆ ಎಂದು ತರಗತಿಯಲ್ಲಿ ನಾನೇ ಬೋಧಿಸಿದ್ದೇನೆ. ನೋಡಿದ ಮಾತ್ರಕ್ಕೆ ಕದಿಯಬಹುದಾದ ಸಂಪತ್ತೊಂದು ನಮ್ಮ ಪೇಟೆಗೂ ಬಂದೀತೆಂದು ಯಾರು ಎಣಿಸಿದ್ದರು?

ದೂರು ಕೊಟ್ಟಿದ್ದೇವೆ. ಗುಂಪಿನಲ್ಲಿರುವವರೆಲ್ಲರ ಹೆಸರು, ಊರು ಬರೆದುಕೊಡಿ ಎಂದು ಪೊಲೀಸರು ನನ್ನನ್ನೇ ಕೇಳಿದ್ದಾರೆ. ಎಲ್ಲರೂ ನನ್ನ ಮುಂದೆ ಕುಳಿತು ಓದಿದವರು. ಪಟ್ಟಿ ಬರೆಯಲು ಇಂದು ಬೆಳಿಗ್ಗೆ ಕುಳಿತೆ. ಆಗಲೇ ಗುಂಪಿನಲ್ಲಿ ಒಬ್ಬನ ಸಂದೇಶ ಬಂತು: “ಸರ್, ಅವತ್ತಿನ ಫೋಟೊ ಯಾಕೆ ಡಿಲೀಟ್ ಮಾಡಿದ್ರಿ?”

ಏನೂ ಅರಿಯದೆ ಕೇಳಿದನೋ, ಎಲ್ಲ ಅರಿತೇ ಕೇಳಿದನೋ? ಇವನ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆಯಲೆ, ಕೊನೆಗೆ ಬರೆಯಲೆ?