ದಾಲ್‌ಕ್ವಿಸ್ಟ್ ಅಂಗಡಿಯ ಅಳತೆ ಕಾರ್ಡುಗಳು

ಆರ್ಡಿಸ್ ಕ್ವಾಮೆ ಹಾಲ್ವಿಕ್ ಊರಿನ ಪ್ರತಿ ಹೆಂಗಸಿನ ಸೊಂಟದ ಸುತ್ತಳತೆ ಬಲ್ಲವರು. ಮೂವತ್ತನಾಲ್ಕು ವರ್ಷದಲ್ಲಿ ಒಂದನ್ನೂ ಬಾಯಿ ಬಿಟ್ಟವರಲ್ಲ.

ಅಮೆರಿಕದ ಡಕೋಟಾದ ರೈಲುಹಾದಿಯ ಗೋಧಿ ಊರುಗಳಲ್ಲೆಲ್ಲ ಆಗ ಒಂದೊಂದು ದಾಲ್‌ಕ್ವಿಸ್ಟ್ ಕಂಪನಿಯ ಬಟ್ಟೆ ಅಂಗಡಿ ಇತ್ತು. ಎಲ್ಲವೂ ಒಂದೇ ಅಚ್ಚಿನವು: ಹಳದಿ ಇಟ್ಟಿಗೆಯ ಎರಡಂತಸ್ತು, ಹೊಸ್ತಿಲಲ್ಲಿ ಸಣ್ಣ ಹೆಂಚಿನ ಬಿಲ್ಲೆ ಕೂಡಿಸಿ ಬರೆದ ಹೆಸರು, ಹೂವಿನ ಅಚ್ಚೊತ್ತಿದ ತಗಡಿನ ಚಾವಣಿ, ಹಿಂದುಗಡೆ ಮ್ಯಾನೇಜರು ಕೂತು ಎಲ್ಲರ ಮೇಲೆ ಕಣ್ಣಿಡುವ ಅರೆಮಹಡಿ. ಯಾವ ಊರಿನ ಅಂಗಡಿಗೆ ಹೋದರೂ ಕಾಲುಚೀಲದ ಕೌಂಟರನ್ನು ಕಣ್ಣು ಮುಚ್ಚಿಕೊಂಡು ಮುಟ್ಟಬಹುದಿತ್ತು. ನಮ್ಮೂರಿನದರಲ್ಲಿ ಹೆಂಗಸರ ಉಡುಪಿನ ವಿಭಾಗಕ್ಕೆ ಆರ್ಡಿಸ್ ಹದಿನೆಂಟನೆಯ ವಯಸ್ಸಿಗೆ ಬಂದರು. ಕಂಪನಿ ಬಾಗಿಲು ಹಾಕಿದ ದಿನ ಕೊನೆಯವರಾಗಿ ಹೊರಬಿದ್ದರು. ಮದುವೆಯಾಗಲಿಲ್ಲ. ಬೇಕರಿಯ ಮೇಲಿನ ಎರಡು ಕೋಣೆಯಲ್ಲಿ ಇಂದಿಗೂ ಇದ್ದಾರೆ.

ಡಿಸೆಂಬರಿನಲ್ಲಿ ಗಂಡಸರು ಹೆಂಡತಿಗೆ ಕ್ರಿಸ್ಮಸ್ ಉಡುಗೊರೆ ಕೊಳ್ಳಲು ಬರುತ್ತಿದ್ದರು. ಅಳತೆ ಕೇಳಿದರೆ, ಪೀಪಾಯಿ ತಬ್ಬಿದ ಹಾಗೆ ಎರಡೂ ಕೈ ಚಾಚಿ, "ಇಷ್ಟು ಇರ್ತಾಳೆ" ಎನ್ನುತ್ತಿದ್ದರು. ಆರ್ಡಿಸ್ ನಗದೆ ಮರದ ಪೆಟ್ಟಿಗೆಯಿಂದ ಆ ಹೆಂಡತಿಯ ಅಳತೆ ಬರೆದಿಟ್ಟ ಕಾರ್ಡು ತೆಗೆದು ನೋಡಿ, ಸರಿಯಾದ ಕೋಟು ಕಟ್ಟಿಕೊಡುತ್ತಿದ್ದರು. ಅದಕ್ಕೂ ಮೊದಲು ಕತ್ತಿನ ಹಿಂದಿನ, ಅಳತೆ ಇಪ್ಪತ್ತು ಎಂಬ ಚೀಟಿ ಬಿಚ್ಚಿ ಹದಿನಾರರ ಚೀಟಿ ಹೊಲಿದಿರುತ್ತಿದ್ದರು. ಊರಿನ ಅರ್ಧ ಸಂಸಾರಗಳು ಆ ಸೂಜಿಯ ಮೇಲೆ ನಿಂತಿದ್ದವು. ವ್ಯಾಪಾರಿಯಾಗಿ ಹೇಳುತ್ತೇನೆ, ಅಂಥ ಕೆಲಸ ಯಾವ ಜಾಹೀರಾತಿನಿಂದಲೂ ಆಗುವುದಿಲ್ಲ.

ನಾನು ಲೋವೆಲ್ ಬ್ರಾಂಡ್‌ವೊಲ್ಡ್, ಹಳೆಯ ಪೀಠೋಪಕರಣ ಮತ್ತು ದೀಪಗಳ ವ್ಯಾಪಾರಿ. ಬಹಳ ವರ್ಷ ಖಾಲಿ ಬಿದ್ದಿದ್ದ ಆ ಕಟ್ಟಡವನ್ನು ಕೊಂಡವನು ನಾನೇ. ಇಟ್ಟಿಗೆಯ ಮೇಲಿನ ಪ್ರೀತಿಯಿಂದ ಕೊಂಡೆ ಎಂದು ಸುಳ್ಳು ಹೇಳುವುದಿಲ್ಲ. ರಾಜ್ಯದ ಐತಿಹಾಸಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಬಾಗಿಲಿಗೊಂದು ಹಿತ್ತಾಳೆ ಫಲಕ ಬರುತ್ತದೆ. ಫಲಕ ಕಂಡರೆ ಹೆದ್ದಾರಿಯ ಕಾರುಗಳು ನಿಲ್ಲುತ್ತವೆ.

ಅರೆಮಹಡಿಯ ಮೆಟ್ಟಿಲ ಕೆಳಗೆ ಆ ಮರದ ಪೆಟ್ಟಿಗೆ ಸಿಕ್ಕಿತು. ಸುದ್ದಿ ಹೇಳಲು ಬೇಕರಿಯ ಮೇಲಕ್ಕೆ ಹೋದೆ. ಆರ್ಡಿಸ್ ಮುಖ ಬಿಳಿಚಿಕೊಂಡಿತು.

"ಯಾರಾದ್ರೂ ಮತ್ತೆ ಅಂಗಡಿ ತೆಗೀತಾರೆ, ಬೇಕಾಗುತ್ತೆ ಅಂತ ಬಿಟ್ಟು ಬಂದೆ. ಸುಟ್ಟುಬಿಡು ಲೋವೆಲ್. ಓದ್ಬೇಡ."

"ಆಯ್ತು ಮಿಸ್ ಆರ್ಡಿಸ್."

"ಮಾತು ಕೊಡು."

ಕೊಟ್ಟೆ. ಅವರು ತಾವೇ ಬೇಯಿಸಿದ ಸಿಹಿ ಪೈ ಕೊಯ್ದು ಕೊಟ್ಟರು. ತಿಂದು ಬಂದೆ.

ಸುಡಲಿಲ್ಲ. ಪಟ್ಟಿ ಮಾಡುವ ಸಮಿತಿಯ ಹೆಂಗಸು ಫೋನಿನಲ್ಲಿ, ಇಂಥ ಕಟ್ಟಡ ಹತ್ತೂರಲ್ಲಿವೆ, ನಿಮ್ಮದರಲ್ಲಿ ಬೇರೆಯದೇನಿದೆ ಎಂದು ಕೇಳಿದ್ದರು. ಕಾರ್ಡಿನ ಮೇಲೆ ಆರ್ಡಿಸ್ ಅವರ ಬರಹ ಕಸೂತಿಯಂತಿತ್ತು. ಚೆಂದದ ಮೂವತ್ತು ಕಾರ್ಡು ಆರಿಸಿ, ಹೆಸರು ಸಮೇತ ಗಾಜಿನ ಕೆಳಗೆ ಜೋಡಿಸಿದೆ. ಬಿಲ್ಲಿನ ತುದಿಯ ಸಣ್ಣ ಅಕ್ಷರವನ್ನೂ ಬಿಡದೆ ಓದುವ ನಾನು ಇವುಗಳಲ್ಲಿ ಅಕ್ಷರದ ಅಂದ ನೋಡಿದೆನೇ ಹೊರತು ಏನು ಬರೆದಿದೆ ಎಂದು ನೋಡಲಿಲ್ಲ.

ಶನಿವಾರ ಮಧ್ಯಾಹ್ನ ಊರವರು ನೋಡಲೆಂದು ಕಟ್ಟಡ ತೆರೆದೆ. ಕಾಫಿ ಇಟ್ಟಿದ್ದೆ. ಗಂಡಸರು ಗಾಜಿನ ಮೇಲೆ ಬಗ್ಗಿ ಹಲ್ಲು ಕಿರಿದರು.

"ಏ ಓರ್ವಿಲ್, ನಿಮ್ಮತ್ತೆ ಅಳತೆ ಹದಿನಾರಂತೆ ಕಣೋ! ನಾನು ಟ್ರ್ಯಾಕ್ಟರಿನಷ್ಟು ಅಂದ್ಕೊಂಡಿದ್ದೆ."

"ಮುಚ್ಚೋ, ಅದು ಹೊಲಿದ ಚೀಟಿ ಲೆಕ್ಕ. ಕೆಳಗೆ ನಿಜ ಬರೆದವ್ರೆ ನೋಡು."

ಹೆಂಗಸರು ನಗಲಿಲ್ಲ. ಚರ್ಚಿನಲ್ಲಿ ಹಾಡುವ ಇನೆಜ್ ಹಾಗ್‌ಲಂಡ್, ಎಪ್ಪತ್ತೆಂಟರ ಹೆಂಗಸು, ತಮ್ಮ ಹೆಸರು ಕಂಡು ಬಗ್ಗಿದರು. ಪಕ್ಕದಲ್ಲಿದ್ದ ಅಕ್ಕ ಬೋರ್ಗಿಲ್ಡ್ ಕನ್ನಡಕ ಹಾಕಿಕೊಂಡು ಜೋರಾಗಿ ಓದತೊಡಗಿದರು: "ಆಪರೇಷನ್ ಆದ ಮೇಲೆ ಎಡ ಎದೆಗೆ ಒಳಗಿಂದ ಹತ್ತಿಯಿಟ್ಟು ಹೊಲಿದಿದೆ. ಅಕ್ಕನಿಗೂ ತಿಳಿಯಬಾರದು." ಕೊನೆಯ ಮಾತಿಗೆ ಅವರ ದನಿ ನಿಂತಿತು.

ಇನೆಜ್ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡರು. ಬಾಗಿಲಲ್ಲಿ ನನ್ನ ಕಡೆ ತಿರುಗಿ, "ಕಾಫಿ ಚೆನ್ನಾಗಿತ್ತು ಲೋವೆಲ್" ಎಂದರು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಕಾರ್ಡುಗಳನ್ನು ಆಗಲೇ ಎತ್ತಿಟ್ಟೆ. ಆದರೆ ಆರ್ಡಿಸ್‌ರೇ ಅವನ್ನು ನನಗೆ ಕೊಟ್ಟರೆಂದು ಊರು ತೀರ್ಮಾನಿಸಿಬಿಟ್ಟಿತ್ತು. ಯಾರೂ ಅವರನ್ನು ಕೇಳಲಿಲ್ಲ. ನಾವು ಕೇಳುವ ಜನವಲ್ಲ. ಮನಸ್ಸಿನಲ್ಲೇ ವಿಚಾರಣೆ ನಡೆಸಿ, ಮನಸ್ಸಿನಲ್ಲೇ ಶಿಕ್ಷೆ ಕೊಡುತ್ತೇವೆ. ಮಾರನೆಯ ದಿನ ಪ್ರಾರ್ಥನೆ ಮುಗಿದು, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕೂತಾಗ ಆರ್ಡಿಸ್ ತಂದಿದ್ದ ನಿಂಬೆಹಣ್ಣಿನ ಸಿಹಿತಿಂಡಿಯ ತಟ್ಟೆಯಿಂದ ಒಂದು ತುಂಡೂ ಕದಲಲಿಲ್ಲ. ಅವರ ಎರಡೂ ಪಕ್ಕದ ಕುರ್ಚಿ ಖಾಲಿ. ಕಾರಣ ಅವರಿಗೆ ಗೊತ್ತಿತ್ತು. ಇವನೇ ಮಾಡಿದ್ದು ಎಂದು ನನ್ನ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ.

ನಾನೂ ಸುಮ್ಮನಿದ್ದೆ. ಸಮಿತಿಯ ಹೆಂಗಸು ಬುಧವಾರ ಬರುವವರಿದ್ದರು. ಅಷ್ಟರಲ್ಲಿ ಊರು ನನ್ನ ಮೇಲೆ ತಿರುಗಿಬೀಳುವುದು ಬೇಡ ಎಂದುಕೊಂಡೆ. ಬಂದರು, ಹೊಸ್ತಿಲ ಬಿಲ್ಲೆಗಳನ್ನು ನೋಡಿ ಮೆಚ್ಚಿ ಹೋದರು. ಕಾರ್ಡುಗಳ ಮಾತೇ ಎತ್ತಲಿಲ್ಲ.

ಮುಂದಿನ ಭಾನುವಾರ ಆರ್ಡಿಸ್ ಮತ್ತೆ ತಟ್ಟೆ ತಂದರು. ಒಬ್ಬರೇ ಕೂತು ಮೇಜುಬಟ್ಟೆಯ ಸುಕ್ಕನ್ನು ಬೆರಳಿನಿಂದ ಸರಿಮಾಡುತ್ತಿದ್ದರು. ನನ್ನ ಬೆನ್ನ ಹಿಂದೆ ಅಂಗಡಿಯ ಹಳೆಯ ಗಿರಾಕಿ ಮಾರ್ಲಿಸ್ ಮತ್ತು ಅವಳ ನಾದಿನಿ ಪಿಸುಗುಟ್ಟುತ್ತಿದ್ದರು.

"ಇಷ್ಟು ವರ್ಷ ನಂಬಿದ್ವಲ್ಲೇ."

"ಪಾಪ, ವಯಸ್ಸಾಯ್ತು ಬಿಡು."

"ವಯಸ್ಸಾದ್ರೆ ಬಾಯಿ ಬಟನ್ ಉದುರೋಗುತ್ತಾ?"

ಎದ್ದು ನಿಂತೆ. "ಆ ಕಾರ್ಡು ಇಟ್ಟೋನು ನಾನು. ಸುಡು ಅಂದಿದ್ರು ಇವರು. ಸುಡ್ತೀನಿ ಅಂತ ಮಾತು ಕೊಟ್ಟು, ಇವರ ಮನೇಲಿ ಪೈ ತಿಂದು ಬಂದೆ. ಹೋದ ವಾರವೇ ಹೇಳ್ಬೇಕಿತ್ತು. ಫಲಕದ ಆಸೆಗೆ ಹೇಳ್ಲಿಲ್ಲ."



"ಯಾವ ಪೈ?" ಎಂದಳು ಮಾರ್ಲಿಸ್.

"ಸೇಬಿನದು."

"ಆರ್ಡಿಸ್ ಮಾಡಿದ ಸೇಬಿನ ಪೈ ತಿಂದು ಇಂಥ ಕೆಲಸ ಮಾಡ್ದೆಯಾ!"

ಇನೆಜ್ ಎದ್ದರು. ತಮ್ಮ ಕುರ್ಚಿಯನ್ನು ನೆಲದ ಮೇಲೆ ಕರಕರ ಎಳೆದುಕೊಂಡು ಹೋಗಿ ಆರ್ಡಿಸ್ ಪಕ್ಕದಲ್ಲಿ ಹಾಕಿ ಕೂತರು. ಇಡೀ ನೆಲಮಾಳಿಗೆಗೆ ಕೇಳುವ ದನಿಯಲ್ಲಿ ಹೇಳಿದರು:

"ಆರ್ಡಿಸ್, ಈ ರವಿಕೆ ಎಡಗಡೆ ಒಳಗಿನ ಹೊಲಿಗೆ ಬಿಟ್ಟಿದೆ ಕಣೇ. ಹತ್ತಿ ಜಾರುತ್ತೆ."

ಆರ್ಡಿಸ್ ತಟ್ಟೆಯನ್ನು ಇನೆಜ್ ಕಡೆ ಸರಿಸಿದರು. "ಮಂಗಳವಾರ ಬಾ. ಬರೆದಿಟ್ಕೊಳ್ಳಲ್ಲ ಇನ್ಮೇಲೆ."

"ನಾನೂ ಬರ್ಲಾ ಇನೆಜ್?" ಎಂದರು ಬೋರ್ಗಿಲ್ಡ್, ಸಣ್ಣ ದನಿಯಲ್ಲಿ.

"ಬಾ. ಏನನ್ನೂ ಜೋರಾಗಿ ಓದ್ಬಾರ್ದು, ಅಷ್ಟೆ."

ಒಬ್ಬೊಬ್ಬರೇ ತಮ್ಮ ಕುರ್ಚಿಗಳನ್ನು ಆ ಮೇಜಿನ ಕಡೆ ತಿರುಗಿಸಿದರು. ಆರ್ಡಿಸ್ ನನ್ನತ್ತ ನೋಡಲಿಲ್ಲ. ನಾನಿನ್ನೂ ನಿಂತೇ ಇದ್ದೆ. ಕೊನೆಗೆ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ಗಂಡಸು ತೊಳೆಯಲು ನಿಂತರೆ, ಯಾರಾದರೊಬ್ಬ ಹೆಂಗಸು ಓಡಿ ಬಂದು ಬಟ್ಟೆ ಕಿತ್ತುಕೊಂಡು ಆಚೆ ದಬ್ಬುವುದು ವಾಡಿಕೆ.

ಅವತ್ತು ಅಷ್ಟೂ ಕಪ್ಪುಗಳನ್ನು ನಾನೊಬ್ಬನೇ ತೊಳೆದೆ.