ಗಾಳಿಯಿಲ್ಲದ ದಿನದ ವಿಮಾನ

ನಾನು ಹಡಗಿನ ಟಿಕೆಟ್ ಮಾರುವವನು. ಲಿಮ್ನೋಸ್ ದ್ವೀಪದ ಬಂದರಿನಲ್ಲಿ, ತಲೆಗೂದಲು ಕರ್ರಗಿದ್ದ ಕಾಲದಿಂದಲೂ ಇದೇ ಕಿಟಕಿಯ ಹಿಂದೆ ಕೂತಿದ್ದೇನೆ. ಹಾಗಾಗಿ ವಿಮಾನದ ಬಗ್ಗೆ ನನ್ನ ಬಾಯಿಂದ ಒಳ್ಳೆಯ ಮಾತು ಬಂದೀತೆಂದು ಯಾರೂ ಕಾಯುವುದು ಬೇಡ. ಆದರೆ ಎವಾಂಥಿಯಾಳ ವಿಷಯಕ್ಕೆ ಬಂದರೆ ನನ್ನ ಹೊಟ್ಟೆಕಿಚ್ಚನ್ನು ಪಕ್ಕಕ್ಕಿಟ್ಟೇ ಹೇಳುತ್ತೇನೆ.

ಎವಾಂಥಿಯಾ ನಮ್ಮ ಹಿಂದಿನ ಓಣಿಯವಳು. ಹಿಟ್ಟಿಗೆ ಮೊಟ್ಟೆ, ಆಡಿನ ಹಾಲು ಹಾಕಿ ನಾದಿ, ಎಳೆಎಳೆಯಾಗಿ ಶಾವಿಗೆ ಕತ್ತರಿಸಿ, ಮನೆಯ ಮಂಚಗಳ ಮೇಲೆಲ್ಲ ಬಿಳಿ ಬಟ್ಟೆ ಹಾಸಿ ಒಣಗಿಸುತ್ತಿದ್ದಳು. ಬೇಸಿಗೆಯಲ್ಲಿ ಅವಳ ಗಂಡ ಸ್ಟ್ರಾಟಿಸ್‌ಗೆ ಮಲಗಲು ಜಾಗವಿರುತ್ತಿರಲಿಲ್ಲ. ಅವನು ದ್ವೀಪದ ಬಸ್ಸಿನ ಡ್ರೈವರ್, ಮಾತು ಕಡಿಮೆ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಮಗ ಪಾಂಟೆಲಿಸ್ ಅಥೆನ್ಸಿನಲ್ಲಿ ವಿದ್ಯುತ್ ಕೆಲಸದವನು.

ಹೆಣ್ಣು ಮಗುವಿಲ್ಲವೆಂಬ ಕೊರಗು ಅವಳಿಗಿತ್ತು. ಬಂದರಿನ ಮೀನುಗಾರನ ಮನೆಯಲ್ಲಿ ಹೆಣ್ಣು ಹುಟ್ಟಿದಾಗ ಹಟ ಹಿಡಿದು ಆ ಮಗುವಿಗೆ ನೊನಾ ಆದಳು. ನೊನಾ ಎಂದರೆ ದೀಕ್ಷಾಸ್ನಾನದ ತಾಯಿ, ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ಎಲ್ಲರೆದುರು ಹೆಸರು ಹೇಳಿದವಳು. ಮಗುವಿಗೆ ಮಿರ್ಸಿನಿ ಎಂದು ಹೆಸರಿಟ್ಟಳು. ಪ್ರತಿ ಈಸ್ಟರಿಗೂ ರಿಬ್ಬನ್ ಕಟ್ಟಿದ ಮೇಣದಬತ್ತಿ, ಒಂದು ಜೊತೆ ಹೊಸ ಚಪ್ಪಲಿಯೋ ಬೂಟೋ ಕೊಡುವುದು ನೊನಾಳ ಬಾಧ್ಯತೆ. ಹುಡುಗಿಗೆ ಮದುವೆಯಾಗುವವರೆಗೂ ಅದು ತಪ್ಪಬಾರದು. ಎವಾಂಥಿಯಾ ಒಂದು ವರ್ಷವೂ ತಪ್ಪಿಸಲಿಲ್ಲ.

ಮಿರ್ಸಿನಿ ಬೆಳೆದು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಎವಾಂಥಿಯಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಇನ್ಮೇಲೆ ವಿಮಾನ ಹಾರಿಸೋದು ನಮ್ಮ ಹುಡುಗೀನೇ!"

"ಹಾರಿಸೋದಲ್ಲ ಮಾರಾಯ್ತಿ, ಚೀಲ ತೂಗೋದು," ಎಂದೆ.

"ನಿನ್ನ ತುಕ್ಕು ಹಿಡಿದ ಹಡಗಿಗಿಂತ ಮೇಲು ಬಿಡು."

ಕಳೆದ ನವೆಂಬರಿನಲ್ಲಿ ಸ್ಟ್ರಾಟಿಸ್‌ನನ್ನು ಹೃದಯದ ಚಿಕಿತ್ಸೆಗೆಂದು ಮಗ ಅಥೆನ್ಸಿಗೆ ಕರೆದುಕೊಂಡು ಹೋದ. ಎವಾಂಥಿಯಾ ಆಮೇಲೆ ಹೋಗುವುದೆಂದಾಗಿತ್ತು. ಆದರೆ ಒಂದು ಸಂಜೆ ಪಾಂಟೆಲಿಸ್‌ನ ಫೋನು ಬಂತು. "ಅಮ್ಮ, ಹೊರಟು ಬಾ. ಅಪ್ಪ ನಿನ್ನನ್ನೇ ಕೇಳ್ತಿದಾರೆ." ಆಗ ಬಂದರಿನಲ್ಲಿ ಹಡಗು ನಿಂತಿತ್ತು. ಅವಳು ಓಡಿಬಂದು ಇದೇ ಕಿಟಕಿಯ ಮುಂದೆ ನಿಂತು, ಹಡಗನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು.

"ಹತ್ತು, ಬೆಳಗಾಗೋದ್ರೊಳಗೆ ಅಲ್ಲಿರ್ತೀಯ," ಎಂದೆ.

"ರಾತ್ರಿಯಿಡೀ ವಾಂತಿ ಮಾಡ್ಕೊಂಡು ಹೆಣದ ಹಾಗೆ ಅವರ ಮುಂದೆ ನಿಲ್ಲಲಾ? ಬೆಳಿಗ್ಗೆ ವಿಮಾನ ಇದೆ. ಒಂದು ಗಂಟೆ ದಾರಿ." ಅವಳ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ.

ಬೆಳಿಗ್ಗೆ ವಿಮಾನ ತಡ ಎಂದರು. ಮತ್ತೆ ತಡ ಎಂದರು. ಕೊನೆಗೆ ಬಲವಾದ ಗಾಳಿಯಿಂದಾಗಿ ರದ್ದು ಎಂದು ಬೋರ್ಡಿನಲ್ಲಿ ಹಾಕಿದರು. ಜನ ಕೌಂಟರಿಗೆ ಮುತ್ತಿಕೊಂಡರು. ಮಿರ್ಸಿನಿ ತನ್ನ ನೊನಾಳನ್ನು ಒಳಗೆ ಕರೆದು, ಅಪ್ಪಿಕೊಂಡು ಕಿವಿಯಲ್ಲಿ ಹೇಳಿದಳಂತೆ: "ನೊನಾ, ನಿನ್ನ ಹತ್ರ ನಂಗೆ ಸುಳ್ಳು ಹೇಳಕ್ಕಾಗಲ್ಲ. ಗಾಳಿಗೀಳಿ ಏನಿಲ್ಲ. ಅಥೆನ್ಸಲ್ಲಿ ಪೈಲಟ್ ಡ್ಯೂಟಿಗೆ ಬಂದಿಲ್ಲ, ಬದಲಿಗೆ ಇನ್ನೊಬ್ಬ ಸಿಕ್ಕಿಲ್ಲ. ಕಾಯ್ಬೇಡ, ಬೇರೆ ದಾರಿ ನೋಡು."

ಆ ದಿನ ಬೇರೆ ದಾರಿಯಿರಲಿಲ್ಲ, ಹಡಗಿನ ಸರದಿ ಮರುದಿನಕ್ಕಿತ್ತು. ಸಂಜೆಯ ಹೊತ್ತಿಗೆ ಸ್ಟ್ರಾಟಿಸ್ ತೀರಿಕೊಂಡ. ಹಡಗೆಂದರೆ ಮೂಗು ಮುರಿಯುತ್ತಿದ್ದವಳು ಗಂಡನನ್ನು ಬರಮಾಡಿಕೊಳ್ಳಲು ಹಡಗುಕಟ್ಟೆಗೇ ಬರಬೇಕಾಯಿತು. ಪೆಟ್ಟಿಗೆ ಇಳಿಸುವಾಗ ನಾನೂ ಹೆಗಲು ಕೊಟ್ಟೆ. ನನ್ನ ಹಡಗು ಗೆದ್ದಿತೆಂದು ಅನ್ನಿಸಲಿಲ್ಲ, ನಾಚಿಕೆಯಾಯಿತು.

ನಲವತ್ತನೆಯ ದಿನ ಚರ್ಚಿನಲ್ಲಿ ಅವನ ಆತ್ಮಶಾಂತಿಗೆಂದು ಬೇಯಿಸಿದ ಗೋಧಿಗೆ ಸಕ್ಕರೆ ಹಾಕಿ ಹಂಚಿದರು. ಅಂಗಳದಲ್ಲಿ ಯಾರೋ ಪಾಂಟೆಲಿಸ್‌ನ ಬೆನ್ನು ಸವರಿ, ಕೊನೆಗಳಿಗೆ ಹೇಗಿತ್ತಪ್ಪ ಎಂದು ಕೇಳಿದರು.

"ಹೇಗಿರುತ್ತೆ? ಅಮ್ಮ ವಿಮಾನಕ್ಕೆ ಕಾದ್ಲು, ಅಪ್ಪ ಅಮ್ಮಂಗೆ ಕಾದ್ರು. ಬಾಗ್ಲು ತೆಗೆದಾಗೆಲ್ಲ ತಲೆ ಎತ್ತಿ ನೋಡೋರು."

ಇದು ಎವಾಂಥಿಯಾಳಿಗೆ ಕೇಳಿಸಿತು. ಅಂದಿನಿಂದ ಅವಳ ಮನೆಯ ಮಂಚಗಳ ಮೇಲೆ ಶಾವಿಗೆ ಕಾಣಲಿಲ್ಲ. ಮಗ ವಾರಗಟ್ಟಲೆ ಫೋನು ಮಾಡಲಿಲ್ಲ.

ಒಂದು ದಿನ ಎವಾಂಥಿಯಾ ನನ್ನ ಕಚೇರಿಗೆ ಬಂದು ಕುರ್ಚಿ ಎಳೆದು ಕೂತಳು. "ಥೆಯೋಫಿಲ, ವಿಮಾನ ರದ್ದಾದ್ರೆ ಅವರು ಪರಿಹಾರ ಕೊಡ್ಬೇಕಂತಲ್ಲ. ಬರಿ."

"ಇನ್ನೂರೈವತ್ತು ಯೂರೋ ಕೊಡ್ಬೇಕು, ಕಾನೂನಿದೆ. ಆದ್ರೆ ಗಾಳಿ ಮಳೆ ಅಂದ್ರೆ ಏನೂ ಇಲ್ಲ."

"ನಂಗೆ ದುಡ್ಡು ಬೇಡ. ತಪ್ಪು ನಮ್ದು ಅಂತ ಅವರ ಕೈಯಲ್ಲೇ ಬರೆಸ್ಬೇಕು. ಅದನ್ನ ನನ್ನ ಮಗನಿಗೆ ಓದಿ ಹೇಳ್ಬೇಕು."

ಬರೆದು ಕಳಿಸಿದೆ. ಉತ್ತರ ಬಂತು: ಅಂದು ಬಲವಾದ ಗಾಳಿಯಿತ್ತು, ಪ್ರಕೃತಿಯ ಮುಂದೆ ಕಂಪನಿ ಅಸಹಾಯಕ, ನಿಮ್ಮ ದುಃಖದಲ್ಲಿ ನಾವೂ ಭಾಗಿ. ಆ ಕೊನೆಯ ಸಾಲು ಕೇಳಿ ಎವಾಂಥಿಯಾ ಕಂಪನಿಯ ಏಳು ತಲೆಮಾರನ್ನೂ ಬೈದಳು. ವಿಮಾನಯಾನ ಇಲಾಖೆಗೂ ಒಂದು ಪ್ರತಿ ಹೋಗುವಂತೆ ಎರಡನೆಯ ದೂರು ಬರೆಯಲು ಕೂತೆವು. ಗಾಳಿ ಇರಲಿಲ್ಲವೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ ಎಂದೆ.

"ಮಿರ್ಸಿನಿ ಹೇಳಿದ್ಲು ಅಂತ ಬರಿ."

ನಾನು ಕಂಪ್ಯೂಟರಿನ ಕೀಲಿಮಣೆಯ ಮೇಲಿನಿಂದ ಕೈ ತೆಗೆದೆ. "ಹೆಸರು ಬೇಡ ಎವಾಂಥಿಯಾ. ಅವರ ಅನ್ನ ತಿನ್ನೋ ಹುಡುಗಿ."

"ಯಾಕೆ ಬೇಡ? ಪಾದ್ರಿ ಮುಂದೆ ನಾನು ಎತ್ಕೊಂಡು ಹೆಸರಿಟ್ಟ ಮಗು. ಅದು ನೊನಾಗೆ ಸುಳ್ಳು ಹೇಳುತ್ತಾ? ಇದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರ್ಲಿ?"

"ಅವಳನ್ನಾದ್ರೂ ಒಂದು ಮಾತು ಕೇಳು."

"ತಾಯಿ ಮಗಳನ್ನ ಅಪ್ಪಣೆ ಕೇಳ್ಬೇಕಾ? ಬರೀತೀಯೋ, ಬೇರೆಯವರ ಹತ್ರ ಹೋಗ್ಲೋ?"

ನಮ್ಮ ದ್ವೀಪದಲ್ಲಿ ಜಗಳ ತೀರುವುದೇ ಹೀಗೆ. ನನ್ನ ದೀಕ್ಷಾಪುತ್ರಿ ನೋಡಿದ್ದಾಳೆ ಎಂದರೆ ಕಾಫಿ ಅಂಗಡಿಯಲ್ಲಿ ಎಲ್ಲರೂ ಬಾಯಿ ಮುಚ್ಚುತ್ತಾರೆ. ಕಂಪನಿಯವರೂ ಹಾಗೆಯೇ ಮುಚ್ಚುತ್ತಾರೆಂದು ಅವಳು ನಂಬಿದ್ದಳು. ಅವಳು ಹೇಳಿದಂತೆಯೇ ಬರೆದೆ: 'ನಾನೇ ಹೆಸರಿಟ್ಟ ನನ್ನ ದೀಕ್ಷಾಪುತ್ರಿ, ನಿಮ್ಮ ಕೌಂಟರಿನ ಮಿರ್ಸಿನಿ, ಗಾಳಿಯಿಲ್ಲವೆಂದು ನನ್ನ ಕಿವಿಯಲ್ಲಿ ಹೇಳಿದಳು.'

ಮಾರ್ಚಿನ ಕೊನೆಗೆ ಉತ್ತರ ಬಂತು. ಮರುಪರಿಶೀಲನೆ ಮಾಡಿದ್ದೇವೆ, ರದ್ದತಿಗೆ ಸಿಬ್ಬಂದಿಯ ಕೊರತೆ ಕಾರಣ, ಹೊಣೆ ನಮ್ಮದು, ಇನ್ನೂರೈವತ್ತು ಯೂರೋ ಜಮೆಯಾಗಿದೆ. ಎವಾಂಥಿಯಾ ನನ್ನ ಕಚೇರಿಯಿಂದಲೇ ಮಗನಿಗೆ ಫೋನು ಹಚ್ಚಿ, ಹೊಣೆ ನಮ್ಮದು ಎಂಬಲ್ಲಿ ನಿಲ್ಲಿಸಿ ನಿಲ್ಲಿಸಿ ಎರಡು ಸಲ ಓದಿದಳು. ಆ ಕಡೆಯಿಂದ ಪಾಂಟೆಲಿಸ್ ಅಳುತ್ತ, "ತಪ್ಪಾಯ್ತಮ್ಮ, ಈಸ್ಟರಿಗೆ ಬರ್ತೀನಿ," ಎಂದ. ಅವಳು ಮರುದಿನವೇ ಹಿಟ್ಟು ನಾದಿದಳು. ಓಣಿಯವರೆಲ್ಲ ಸಂತೋಷಪಟ್ಟೆವು, ನಾನೂ ಪಟ್ಟೆ.

ಅದೇ ವಾರ ಮಿರ್ಸಿನಿಯನ್ನು ಕೆಲಸದಿಂದ ತೆಗೆದರು. ಕಂಪನಿಯ ಒಳಗಿನ ಮಾತನ್ನು ಹೊರಗೆ ಹೇಳಿದಳೆಂಬುದು ಕಾರಣ. ಸುದ್ದಿ ಕೇಳಿದ ಎವಾಂಥಿಯಾ ಮಿರ್ಸಿನಿಯ ಮನೆಗೆ ಓಡಿದಳು. ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು, ಮಗಳು ಮಲಗಿದ್ದಾಳೆ ಎಂದಳು. ಎಷ್ಟು ಸಲ ಹೋದರೂ ಮಗಳು ಮಲಗಿಯೇ ಇದ್ದಳು.

ಈಸ್ಟರಿನ ಹಿಂದಿನ ಗುರುವಾರ ಮಿರ್ಸಿನಿ ನನ್ನ ಕಿಟಕಿಗೆ ಬಂದು ಟಿಕೆಟ್ ಕೇಳಿದಳು. ಹೋಗುವುದಕ್ಕೆ ಮಾತ್ರ, ಬರುವುದಕ್ಕೆ ಬೇಡ ಎಂದಳು. ನಾನು ಟಿಕೆಟ್ ಕೊಡುವಷ್ಟರಲ್ಲಿ ಎವಾಂಥಿಯಾ ಏದುಸಿರು ಬಿಡುತ್ತ ಬಂದಳು. ಒಂದು ಕೈಯಲ್ಲಿ ಬಿಳಿ ರಿಬ್ಬನ್ನಿನ ಮೇಣದಬತ್ತಿ, ಇನ್ನೊಂದರಲ್ಲಿ ಬೂಟಿನ ಡಬ್ಬಿ. ಯಾರೋ ಹೇಳಿರಬೇಕು.

"ಹಬ್ಬ ಮುಗಿಸ್ಕೊಂಡು ಹೋಗೆ, ನನ್ನ ಕಂದ."

ಹುಡುಗಿ ಬೈಯಲಿಲ್ಲ. ಡಬ್ಬಿ ತೆಗೆದುಕೊಂಡು ಬೆಂಚಿನ ಮೇಲೆ ಕೂತು ಬೂಟು ಹಾಕಿ ನೋಡಿದಳು. ಕಾಲ್ಬೆರಳಿಗೆ ಏನೋ ತಗುಲಿತು. ಕೈ ಹಾಕಿದರೆ ಒಂದು ಲಕೋಟೆ. ಒಳಗಿರುವುದು ಕಂಪನಿಯ ಆ ಇನ್ನೂರೈವತ್ತು ಯೂರೋ ಎಂದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅದನ್ನು ತಂದು ಮೆಲ್ಲನೆ ನನ್ನ ಕಿಟಕಿಯ ಹಲಗೆಯ ಮೇಲಿಟ್ಟಳು.

"ಬೂಟು ತಗೋತೀನಿ ನೊನಾ. ಕೆಲಸ ಹುಡ್ಕೊಂಡು ನಡೀಬೇಕಲ್ಲ. ಮೇಣದಬತ್ತಿ ನೀನೇ ಇಟ್ಕೋ."

"ನಾನು ಬೇಕೂಂತ ಮಾಡ್ಲಿಲ್ಲ ಮಿರ್ಸಿನಿ."

"ಗೊತ್ತು. ಅವತ್ತು ವಿಮಾನಕ್ಕೆ ಕಾದಿದ್ದೋರೆಲ್ಲ ಬಂದು ಕೇಳಿದ್ರು. ಎಲ್ಲರಿಗೂ ಗಾಳಿ ಅಂದೆ. ಗರ್ಭಿಣಿಯೊಬ್ಬಳು ಅಳ್ತಾ ಕೇಳಿದ್ಲು, ಅವಳಿಗೂ ಗಾಳಿ ಅಂದೆ. ನಿಂಗೊಬ್ಬಳಿಗೇ ನಿಜ ಹೇಳಿದ್ದು."

ಬಗ್ಗಿ ನೊನಾಳ ಕೈಗೆ ಮುತ್ತಿಟ್ಟು, ಹಳೆಯ ಚಪ್ಪಲಿಯನ್ನು ಡಬ್ಬಿಗೆ ಹಾಕಿಕೊಂಡು ಹಡಗಿನ ಕಡೆ ನಡೆದಳು. ಹೊಸ ಬೂಟು ಹಿಮ್ಮಡಿ ಕಚ್ಚುತ್ತಿತ್ತೇನೋ, ಸ್ವಲ್ಪ ಕುಂಟುತ್ತಿದ್ದಳು.

ಹಡಗು ಬಿಡುವವರೆಗೂ ಎವಾಂಥಿಯಾ ಬೆಂಚಿನ ಮೇಲೆ ಕೂತಿದ್ದಳು. ಮರುದಿನ ಅವಳ ಮಗ ಬರುವವನಿದ್ದ. ಅದನ್ನು ನೆನಪಿಸಿ ಸಮಾಧಾನ ಮಾಡಲು ಹೋದೆ.

"ಥೆಯೋಫಿಲ," ಎಂದಳು, "ನಂಗೂ ಗಾಳಿ ಅಂತಲೇ ಹೇಳಿದ್ರೆ ಆಗ್ತಿತ್ತು."